ಇಲ್ಲದ ಫೈಲು ಕಳೆದವಳು

ನಮ್ಮ ಆಫೀಸಿನವರು ಆಕೆಗಿಟ್ಟ ಹೆಸರು ದೂರ್ವಾಸಕ್ಕ. ತಪ್ಪು ಕಂಡರೆ ಮುಖಕ್ಕೆ ಹೊಡೆದಂತೆ ಹೇಳುವ ಹೆಂಗಸು. ಮ್ಯಾನೇಜರನಿಗೂ ಆಕೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆ ಮನುಷ್ಯನನ್ನು ಕಂಡರೆ ನನಗೂ ಮೈಯೆಲ್ಲ ಉರಿಯುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಅಕ್ಕ ಹನ್ನೊಂದು ವರ್ಷ ಮಗುವಿನಂತೆ ಸಾಕಿದ್ದು ರಕ್ತಪರೀಕ್ಷೆಯ ವರದಿ ತೋರಿಸುವ ಒಂದು ಪ್ರೋಗ್ರಾಂ, ಜಾವಾ ಎಂಬ ಕಂಪ್ಯೂಟರ್ ಭಾಷೆಯದು. ಅದು ಓಡುತ್ತಿರುವಾಗಲೇ ತನಗೆ ಬೇಕಾದ ಕ್ಲಾಸನ್ನು, ಅಂದರೆ ಮಾಹಿತಿ ಹೇಗಿರಬೇಕೆಂದು ಹೇಳುವ ಅಚ್ಚನ್ನು, ಹೆಸರು ಹಿಡಿದು ಕರೆಯುತ್ತದೆ. ಒಂದು ವರದಿಯ ಕ್ಲಾಸಿಗೆ ಅದರದೇ ಫೈಲು ಇದೆ. ಹಲವು ವರದಿಗಳ ಸಾಲಿಗೆ, ಅಂದರೆ ಅರೇಗೆ, ಹೆಸರುಂಟು, ಫೈಲಿಲ್ಲ; ಕೇಳಿದಾಗ ಜಾವಾ ತಾನೇ ಅದನ್ನು ಕಟ್ಟಿಕೊಡುತ್ತದೆ. ಅಕ್ಕ ಬಳಸಿದ್ದ ‘ಫಾರ್‌ನೇಮ್’ ಎಂಬ ಕರೆಗೆ ಇದು ಗೊತ್ತು. ‘ಲೋಡ್‌ಕ್ಲಾಸ್’ ಎಂಬ ಇನ್ನೊಂದು ಕರೆ ಬರೀ ಫೈಲು ಹುಡುಕಿ, ಸಿಗದಿದ್ದರೆ ಕೈಯೆತ್ತಿಬಿಡುತ್ತದೆ.

ಮ್ಯಾನೇಜರ್ ಎಲ್ಲೋ ಏನೋ ಓದಿಕೊಂಡು ಬಂದು ಮೊದಲನೆಯದನ್ನು ಕಿತ್ತು ಎರಡನೆಯದನ್ನು ಹಾಕಿದ. ಅದೂ ಅಕ್ಕನ ಕಂಪ್ಯೂಟರಿನಲ್ಲೇ ಕೂತು; ಯಾರು ಬದಲಾಯಿಸಿದರೆಂಬ ದಾಖಲೆಯಲ್ಲಿ ಆಕೆಯ ಹೆಸರೇ ಬಿತ್ತು.

"ಸಾರ್, ಅರೇ ಬಂದ್ರೆ ಇದು ಕೈಕೊಡುತ್ತೆ," ಎಂದಳು ಅಕ್ಕ.

"ನಿಮ್ಮ ಕಾಲ ಮುಗೀತಮ್ಮ," ಎಂದ. ಒಂದೇ ವರದಿಯಿದ್ದ ರೋಗಿಯನ್ನು ಹಾಕಿ ನೋಡಿ, ಸರಿಯಿದೆ ಎಂದು ಬೀಗಿದ. ಪಕ್ಕದ ಕುರ್ಚಿಯಲ್ಲಿದ್ದು ಇದನ್ನೆಲ್ಲ ನೋಡಿದವನು ನಾನೊಬ್ಬನೇ.

ಸೋಮವಾರ ಆಸ್ಪತ್ರೆಯಿಂದ ಫೋನು. ಒಂದಕ್ಕಿಂತ ಹೆಚ್ಚು ವರದಿಯಿರುವ ಯಾವ ರೋಗಿಯದೂ ತೆರೆಯುತ್ತಿಲ್ಲ, ಕ್ಲಾಸ್ ಸಿಗಲಿಲ್ಲ ಎಂದು ಬರುತ್ತಿದೆ. ಮ್ಯಾನೇಜರ್ ನೇರವಾಗಿ ಅಕ್ಕನ ಮೇಜಿಗೆ ಬಂದ.

"ಫೈಲು ಹಾಕೋದು ಮರೆತಿದ್ದೀರಿ. ಕಳೆದದ್ದು ನಾನೇ ಅಂತ ಬರೆದುಕೊಡಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

"ಹುಟ್ಟೇ ಇಲ್ಲದ ಫೈಲನ್ನ ನಾನು ಹೇಗ್ರೀ ಕಳೀಲಿ?"

ಅಕ್ಕ ಹಳೆಯ ಕರೆಯನ್ನು ಮತ್ತೆ ಹಾಕಿದಳು. ಒಂದೇ ಸಾಲು. ವರದಿಗಳೆಲ್ಲ ತೆರೆದುಕೊಂಡವು.

"ನೋಡಿ, ನೀವು ಮುಟ್ಟಿದ ಮೇಲೆ ಸರಿಹೋಯ್ತು. ಅಂದ್ರೆ ತಪ್ಪು ನಿಮ್ಮದೇ," ಎಂದ ಆ ಭಂಡ.

ಅಕ್ಕ ನನ್ನ ಕಡೆ ತಿರುಗಿದಳು. "ನೀನಿದ್ಯಲ್ಲಪ್ಪ ಅವತ್ತು. ಯಾರು ಬದಲಾಯಿಸಿದ್ದು, ಹೇಳು."

ಈ ಕೆಲಸದ ಅ ಆ ಇ ಈ ಕಲಿಸಿದವಳು ಆಕೆ. ಮ್ಯಾನೇಜರ್ ನನ್ನನ್ನೇ ದಿಟ್ಟಿಸುತ್ತಿದ್ದ.

"ನಾನು ಸರಿಯಾಗಿ ನೋಡ್ಲಿಲ್ಲ ಅಕ್ಕ," ಎಂದೆ.

ಮ್ಯಾನೇಜರ್ ಕೇಳಿದ ತಪ್ಪೊಪ್ಪಿಗೆ ಪತ್ರವನ್ನು ಆಕೆ ಬರೆಯಲಿಲ್ಲ. ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಪ್ರೋಗ್ರಾಮಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಗುಂಡಗೆ ಬರೆದು, ನನ್ನ ಮೇಜಿನ ಮೇಲಿಟ್ಟು ಹೋದಳು.