ಲೆಕ್ಕದಕ್ಕ ಆ್ಯಪ್‌ಗಳಿಗೆ ಪರೀಕ್ಷೆ ಇಟ್ಟದ್ದು

ಆಪರೇಷನ್ ಥಿಯೇಟರಿನಲ್ಲಿ ಅವಳ ಮುಖ್ಯ ಕೆಲಸವೇ ಎಣಿಸುವುದು. ರೋಗಿಯ ಮೈಗೆ ಚಾಕು ತಾಗುವ ಮುಂಚೆ ಕತ್ತರಿ ಎಷ್ಟು, ಚಿಮುಟ ಎಷ್ಟು, ರಕ್ತ ಒರೆಸುವ ಬಟ್ಟೆಯ ತುಂಡು ಎಷ್ಟು ಎಂದು ಗಟ್ಟಿಯಾಗಿ ಎಣಿಸಿ ಬೋರ್ಡಿನ ಮೇಲೆ ಬರೆಯಬೇಕು. ಹೊಲಿಗೆ ಹಾಕುವ ಮುಂಚೆ ಮತ್ತೆ ಎಣಿಸಬೇಕು. ಒಂದು ತುಂಡು ಕಡಿಮೆ ಬಂದರೂ ಹೊಲಿಗೆ ಇಲ್ಲ. ಎಂಥ ದೊಡ್ಡ ಸರ್ಜನ್ನೇ ಆಗಲಿ, ಸೂಜಿ ಹಿಡಿದು ಪಿಳಿಪಿಳಿ ನೋಡುತ್ತ ನಿಲ್ಲಬೇಕು. ಇಪ್ಪತ್ತಾರು ವರ್ಷ ಹೀಗೆ ಎಣಿಸಿದ ಆ ನರ್ಸಿಗೆ ಆಸ್ಪತ್ರೆಯವರು ಲೆಕ್ಕದಕ್ಕ ಎಂದೇ ಹೆಸರಿಟ್ಟಿದ್ದರು. ಇಂಥ ಲೆಕ್ಕದಕ್ಕನಿಗೆ ತನ್ನ ಸ್ವಂತ ಹಣ ಒಟ್ಟು ಎಷ್ಟಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹಾಗೆಂದು ಅವಳು ಕೈಬಿಚ್ಚಿ ಖರ್ಚು ಮಾಡುವವಳಲ್ಲ. ಪ್ರತಿ ತಿಂಗಳೂ ಸಂಬಳದಲ್ಲಿ ಒಂದಿಷ್ಟು ತೆಗೆದಿಡುತ್ತಿದ್ದಳು. ಆದರೆ ಆಯಾ ಕಾಲಕ್ಕೆ ಯಾರು ಎಲ್ಲಿ ಎಂದರೋ ಅಲ್ಲಿ ಇಟ್ಟಳು. ಬ್ಯಾಂಕ್ ಮ್ಯಾನೇಜರೊಬ್ಬರು ಅಪೆಂಡಿಕ್ಸ್ ತೆಗೆಸಿಕೊಂಡು ವಾಸಿಯಾಗಿ ಹೋಗುವಾಗ ಎರಡು ಠೇವಣಿ ಇಡಿಸಿಕೊಂಡು ಹೋದರು. ಏಜೆಂಟನೊಬ್ಬನ ಹೆಂಡತಿಗೆ ಸುಖವಾಗಿ ಹೆರಿಗೆಯಾದ ಖುಷಿಯಲ್ಲಿ ಅವನ ಕೈಯಿಂದ ಮೂರು ಮ್ಯೂಚುವಲ್ ಫಂಡು ಬಂದವು. ಚಿನ್ನದ ಬಾಂಡು ಒಂದು. ಮೈದುನನ ಕಾಟ ತಾಳಲಾರದೆ ಕೊಂಡ ಮೂರು ಕಂಪನಿಯ ಷೇರು. ಈ ಒಂಬತ್ತು ಕಾಗದಗಳೂ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ಎಕ್ಸ್-ರೇ ಕವರೊಂದರಲ್ಲಿ ಮಲಗಿದ್ದವು.

ಒಂದು ಭಾನುವಾರ ಬೆಳಿಗ್ಗೆ ಮಹಡಿಯ ಮೇಲಿದ್ದ ಮನೆಯೊಡತಿ ಮೆಟ್ಟಿಲಿಳಿದು ಬಂದರು.

“ನಾನು ಅಕ್ಕನ ಹತ್ರ ಹೋಗಿ ಇದ್ಬಿಡ್ತೀನಮ್ಮ, ಈ ಮಂಡಿ ಇಟ್ಕೊಂಡು ಮೆಟ್ಟಿಲು ಹತ್ತೋಕಾಗಲ್ಲ. ಮನೆ ಮಾರ್ತಿದೀನಿ. ಹೊರಗಿನವರ ಕಿವಿಗೆ ಹಾಕೋ ಮುಂಚೆ ನಿಮಗೆ ಹೇಳ್ತಿದೀನಿ. ಹದಿನೈದು ದಿನ ಕಾಯ್ತೀನಿ.”

ಹದಿನಾಲ್ಕು ವರ್ಷದಿಂದ ಲೆಕ್ಕದಕ್ಕ, ಅವಳ ಗಂಡ ಆ ಕೆಳಮನೆಯಲ್ಲೇ ಬಾಡಿಗೆಗಿದ್ದರು. ಮುಂದಿನ ಕೋಣೆಯಲ್ಲೇ ಅವಳ ಗಂಡನ ಕನ್ನಡಕದಂಗಡಿ. ಮನೆ ಕೈತಪ್ಪಿದರೆ ಅಂಗಡಿಯೂ ಹೋಯಿತು, ಗಿರಾಕಿಗಳೂ ಚೆದುರಿದರು. ಬೆಲೆಯ ಎರಡು ಪಾಲು ಬ್ಯಾಂಕು ಸಾಲ ಕೊಡುತ್ತದೆ. ಮಿಕ್ಕ ಒಂದು ಪಾಲು, ಹದಿನೆಂಟು ಲಕ್ಷ, ಕೈಯಿಂದ ಹಾಕಬೇಕು.

“ನಮ್ಮ ಹತ್ರ ಎಷ್ಟಿರಬಹುದೇ?” ಎಂದು ಗಂಡ ಪಿಸುದನಿಯಲ್ಲಿ ಕೇಳಿದ.

“ಗೊತ್ತಿಲ್ಲ ರೀ.”

“ಗೊತ್ತಿಲ್ವಾ? ನಿನಗಾ?”

ಆ ಪ್ರಶ್ನೆ ಅವಳಿಗೆ ಚುರುಕ್ಕೆಂದಿತು. ಎಕ್ಸ್-ರೇ ಕವರನ್ನು ಎಳೆದು ಊಟದ ಮೇಜಿನ ಮೇಲೆ ಸುರಿದಳು.

ಸುದ್ದಿ ತಿಳಿದು ಮಧ್ಯಾಹ್ನವೇ ಮೈದುನ ಹಾಜರಾದ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಲೋಕದ ಯಾವ ಕಷ್ಟಕ್ಕೂ ಅವನ ಫೋನಿನಲ್ಲಿ ಒಂದು ಆ್ಯಪ್ ಇರುತ್ತಿತ್ತು.

“ಕಾಗದ ಯಾಕೆ ಹರಡ್ಕೊಂಡಿದೀರ ಅತ್ತಿಗೆ? ಫೋನ್ ಕೊಡಿ ಇಲ್ಲಿ. ಎರಡೇ ನಿಮಿಷ.”

ನಿಜಕ್ಕೂ ಎರಡೇ ನಿಮಿಷವಾಯಿತು. ಪರದೆಯ ಮೇಲೆ ಬಣ್ಣದ ಚೂರುಗಳು ಹಾರಾಡಿ, ನಡುವೆ ದಪ್ಪ ಹಸಿರು ಅಕ್ಷರದಲ್ಲಿ ಇಪ್ಪತ್ತೊಂದು ಲಕ್ಷದ ನಲವತ್ತು ಸಾವಿರ ಎಂದು ಮೂಡಿತು. ಗಂಡ “ಅಬ್ಬಬ್ಬಾ!” ಎಂದವನೇ ಟೇಪು ಹಿಡಿದು ಅಂಗಡಿಯ ಗೋಡೆ ಅಳೆಯಲು ಓಡಿದ. ಅವಳಿಗೂ ಹಿಗ್ಗಾಯಿತು. ಆದರೂ ಬೆರಳು ತಾನಾಗಿಯೇ ಪರದೆಯ ಮೇಲಿನ ಸಾಲುಗಳನ್ನು ಎಣಿಸತೊಡಗಿತು.

“ಇದರಲ್ಲಿ ಹನ್ನೊಂದಿದೆ. ನನ್ನ ಹತ್ರ ಕಾಗದ ಒಂಬತ್ತೇ.”

“ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಅತ್ತಿಗೆ?”

“ಹೊಟ್ಟೆಯೊಳಗೆ ಎರಡು ತುಂಡು ಜಾಸ್ತಿ ಇದ್ರೆ ಒಳ್ಳೇದಾ? ಅದಿರಲಿ, ಇದಕ್ಕೆ ನನ್ನ ಲೆಕ್ಕ ಹೇಗೆ ಗೊತ್ತಾಯ್ತು?”

“ನಿಮ್ಮ ಇಮೇಲ್ ಓದೋಕೆ ಪರ್ಮಿಷನ್ ಕೊಟ್ಟೆ. ಎಲ್ಲಾ ಅದೇ ಹುಡುಕ್ಕೊಳ್ಳುತ್ತೆ.”

“ಎಲ್ಲಾ ಅಂದ್ರೆ? ನಿಮ್ಮಣ್ಣನ ಜಗಳದ ಪತ್ರಗಳನ್ನೂ ಓದುತ್ತಾ?”

ಮೈದುನ ತಲೆ ಕೆರೆದುಕೊಂಡ. ಅವಳು ಒಂದೊಂದೇ ಸಾಲನ್ನು ಕಾಗದದ ಪಕ್ಕಕ್ಕಿಟ್ಟು ತಾಳೆ ನೋಡಿದಳು. ಅರ್ಧ ಗಂಟೆಯೊಳಗೆ “ಸಿಕ್ಕಿಬಿತ್ತು!” ಎಂದು ಮೇಜು ಬಡಿದಳು. ಒಂದು ಫಂಡು ಎರಡು ವರ್ಷದ ಹಿಂದೆ ಹೆಸರು ಬದಲಿಸಿಕೊಂಡಿತ್ತು. ಆ್ಯಪು ಹಳೆ ಹೆಸರನ್ನೂ ಹೊಸ ಹೆಸರನ್ನೂ ಬೇರೆ ಬೇರೆಯೆಂದು ಹಿಡಿದು ಮೂರು ಲಕ್ಷದ ಅರವತ್ತು ಸಾವಿರವನ್ನು ಎರಡು ಸಲ ಕೂಡಿಸಿತ್ತು. ಅವಳೇ ಮುರಿಸಿ ಫ್ರಿಜ್ಜು, ಗಂಡನ ಲೆನ್ಸ್ ಯಂತ್ರ ಎಂದು ಖರ್ಚು ಮಾಡಿದ ಒಂದೂವರೆ ಲಕ್ಷದ ಹಳೆ ಠೇವಣಿಯೊಂದು ಅಲ್ಲಿ ಇನ್ನೂ ಜೀವಂತವಾಗಿತ್ತು.

ಗಂಡ ಟೇಪನ್ನು ಸುತ್ತಿಕೊಳ್ಳುತ್ತ ಪೆಚ್ಚುಮೋರೆ ಹಾಕಿದ. ಅವಳಿಗೆ ಮಾತ್ರ ವಿಚಿತ್ರವಾದ ಉಮೇದು ಬಂದುಬಿಟ್ಟಿತ್ತು. ಇದು ಅವಳ ಅಖಾಡ. ಇಷ್ಟು ವರ್ಷ ಹಣದ ವಿಷಯವೆಂದರೆ ತನಗೆ ತಿಳಿಯದ್ದು ಎಂದು ಪಕ್ಕಕ್ಕೆ ಸರಿಸಿದ್ದಳು. ಈಗ ನೋಡಿದರೆ ಇದೂ ಎಣಿಸುವ ಕೆಲಸವೇ!

“ಇದೇ ಒಂಬತ್ತು ಕಾಗದ ಇಟ್ಕೊಂಡು ಎಲ್ಲದಕ್ಕೂ ಪರೀಕ್ಷೆ ಇಡೋಣ. ಯಾವುದು ಪಾಸಾಗುತ್ತೋ ಅದು ಮನೆಯಲ್ಲಿರಲಿ.”

ಅಡುಗೆಮನೆಯಲ್ಲಿ ಒಂದು ಬಿಳಿ ಬೋರ್ಡು ಬಂದು ನಿಂತಿತು. ಕಾಗದದಲ್ಲಿರುವ ಮೊತ್ತವನ್ನೇ ಹೇಳುತ್ತದೆಯೇ, ಬೇಡದ ಕಡೆ ಮೂಗು ತೂರಿಸುತ್ತದೆಯೇ, ಯಾವ ದುಡ್ಡು ಯಾವಾಗ ಕೈಗೆ ಸಿಗುತ್ತದೆಂದು ತಿಳಿಸುತ್ತದೆಯೇ, ನಾಳೆ ಬೇಡವೆನಿಸಿದರೆ ನಮ್ಮ ಲೆಕ್ಕವನ್ನು ನಮಗೆ ವಾಪಸು ಕೊಡುತ್ತದೆಯೇ ಎಂದು ಅದರ ಮೇಲೆ ಬರೆದಳು. ಮೈದುನನ ಆ್ಯಪು ಮೊದಲ ಎರಡರಲ್ಲೇ ಫೇಲು.

ಎರಡನೆಯ ಅಭ್ಯರ್ಥಿ ಬಂದದ್ದು ಅರಿವಳಿಕೆಯ ಡಾಕ್ಟರಮ್ಮನಿಂದ. ಸೋಮವಾರ ಊಟದ ಬಿಡುವಿನಲ್ಲಿ ಅವರು ತಾವು ಬಳಸುವ ವೆಬ್‌ಸೈಟನ್ನು ತೋರಿಸಿದರು. “ವರ್ಷಕ್ಕೆ ಫೀಸು ಕಟ್ಬೇಕು ಸಿಸ್ಟರ್. ಮೊದಲ ತಿಂಗಳು ಪುಕ್ಕಟೆ. ಇಮೇಲ್ ಕೇಳಲ್ಲ, ನೀವೇ ಸ್ಟೇಟ್‌ಮೆಂಟ್ ಹಾಕ್ಬೇಕು.” ಷೇರು, ಫಂಡುಗಳನ್ನು ಅದು ಅಚ್ಚುಕಟ್ಟಾಗಿ ತೂಗಿ ತೋರಿಸಿತು. ಹಣ ಹಾಕಿದ ತಾರೀಖು ಹಿಡಿದು ನಿಜವಾದ ಗಳಿಕೆ ವರ್ಷಕ್ಕೆ ನೂರಕ್ಕೆಷ್ಟು ಎಂದೂ ಹೇಳಿತು. ಮೈದುನ ಕೊಡಿಸಿದ ಷೇರುಗಳು ಬ್ಯಾಂಕ್ ಠೇವಣಿಯ ಅರ್ಧದಷ್ಟೂ ಗಳಿಸಿಲ್ಲ ಎಂದು ಗೊತ್ತಾದದ್ದು ಹಾಗೆ. ಆದರೆ ಠೇವಣಿ, ಚಿನ್ನದ ಬಾಂಡು ಎಂದರೆ ಅದಕ್ಕೆ ಬಾಯೇ ಇಲ್ಲ.

ಮೂರನೆಯದನ್ನು ಗಂಡ ತಯಾರಿಸಿದ. ಅಂಗಡಿಯ ಕಂಪ್ಯೂಟರಿನಲ್ಲಿ ಗಿರಾಕಿಗಳ ಕಣ್ಣಿನ ಪವರ್ ಬರೆದಿಡಲು ಅವನು ಎಕ್ಸೆಲ್ ಹಾಳೆ ಬಳಸುತ್ತಿದ್ದ. ಅದರಲ್ಲೇ ಹೊಸದೊಂದು ಪುಟ ತೆರೆದು ಒಂಬತ್ತು ಸಾಲು ತುಂಬಿಸಿ, ಹೆಮ್ಮೆಯಿಂದ ಕರೆದ. ಒಟ್ಟು ಹದಿನಾಲ್ಕೂವರೆ ಲಕ್ಷ.

“ಅಷ್ಟೇನಾ?” ಅವಳ ಮುಖ ಸಪ್ಪಗಾಯಿತು. ಮರುಗಳಿಗೆಯೇ ಕಣ್ಣು ಕಿರಿದಾಯಿತು. “ನಿಲ್ಲಿ ರೀ. ನಾನು ಓದ್ತೀನಿ, ನೀವು ಗಟ್ಟಿಯಾಗಿ ಹೇಳಿ. ಒಬ್ಬರೇ ಎಣಿಸಬಾರದು, ಇಬ್ಬರು ಎಣಿಸಬೇಕು.”

ಐದನೆಯ ಸಾಲಿನಲ್ಲಿ ಎರಡು ಲಕ್ಷ ಇರಬೇಕಾದ ಕಡೆ ಇಪ್ಪತ್ತು ಸಾವಿರ ಇತ್ತು. ಒಂದು ಸೊನ್ನೆ ನುಂಗಿಹೋಗಿತ್ತು!

“ಊರಿಗೆಲ್ಲಾ ಕನ್ನಡಕ ಕೊಡ್ತೀರಿ, ನಿಮಗೊಂದು ಮಾಡ್ಕೊಳ್ಳಿ,” ಎಂದು ಅವಳು ನಕ್ಕಾಗ ಗಂಡನೂ ಬಿದ್ದು ಬಿದ್ದು ನಕ್ಕ. ಸೊನ್ನೆ ಸೇರಿಸಿದ ಮೇಲೆ ಹದಿನಾರು ಲಕ್ಷದ ಮೂವತ್ತು ಸಾವಿರ ಬಂತು. ಇನ್ನೂ ಒಂದು ಲಕ್ಷದ ಎಪ್ಪತ್ತು ಸಾವಿರ ಕಡಿಮೆ. ಗಡುವಿಗೆ ಆರು ದಿನ ಉಳಿದಿತ್ತು.

ಆಗ ಬಂದದ್ದು ನಿಜವಾದ ಬೆರಗು. ಡಾಕ್ಟರಮ್ಮನ ವೆಬ್‌ಸೈಟಿಗೆ ಅವಳು ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ಹಾಕಿದ್ದಳು. ಹೊರಗಿನಿಂದ ಬಂದ ಹಣವನ್ನೆಲ್ಲ ಅದು ಬೇರೆ ಪಟ್ಟಿ ಮಾಡಿತ್ತು. ಪ್ರತಿ ವರ್ಷ ಜುಲೈನಲ್ಲಿ, ಒಂದು ಗಾಜಿನ ಕಂಪನಿಯಿಂದ, ಲಾಭಾಂಶವೆಂದು ಮೂರೋ ನಾಲ್ಕೋ ಸಾವಿರ. ಆಸ್ಪತ್ರೆಯವರು ಹಾಕಿದ ಯಾವುದೋ ಭತ್ಯೆ ಇರಬೇಕೆಂದು ಅವಳು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಒಂಬತ್ತು ಕಾಗದಗಳಲ್ಲಿ ಗಾಜಿನ ಸುದ್ದಿಯೇ ಇಲ್ಲ!

“ರೀ, ಹತ್ತನೇದೊಂದಿದೆ! ಎಲ್ಲೋ ಹತ್ತನೇದೊಂದಿದೆ!”

ಥಟ್ಟನೆ ನೆನಪಾಯಿತು. ಕೆಲಸಕ್ಕೆ ಸೇರಿದ ವರ್ಷ, ಆಗಿನ ಹೆಡ್ ನರ್ಸ್ ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ, “ಔಷಧಿ ಬಾಟಲಿಗೆ ಯಾವ ಕಾಲಕ್ಕೂ ಬರ ಬರಲ್ಲ ಕಣ್ರಮ್ಮ, ತಲಾ ಇಪ್ಪತ್ತು ಷೇರು ತಗೊಳ್ಳಿ” ಎಂದು ಬಾಟಲಿ ಮಾಡುವ ಕಂಪನಿಯ ಫಾರಂ ತುಂಬಿಸಿದ್ದರು. ಆ ಷೇರು ಪತ್ರ ಎಲ್ಲಿ ಹೋಯಿತೋ ದೇವರೇ ಬಲ್ಲ.

ಮರುದಿನ ಹತ್ತು ಗಂಟೆಗೆ ಸರಿಯಾಗಿ ಕಂಪನಿಯ ಷೇರು ವಿಭಾಗಕ್ಕೆ ಫೋನು ಮಾಡಿದಳು. ಸ್ಪೀಕರ್ ಹಾಕಿ ಫೋನನ್ನು ಕನ್ನಡಕದ ಶೋಕೇಸಿನ ಮೇಲಿಟ್ಟಳು. ಗಂಡ, ಮೈದುನ ಎರಡೂ ಕಡೆ ಬಗ್ಗಿ ನಿಂತರು. ಆ ಕಡೆಯ ಹೆಂಗಸು ಹೆಸರು, ಹುಟ್ಟಿದ ತಾರೀಖು, ಹಳೆ ವಿಳಾಸ ಎಲ್ಲ ಕೇಳಿ, ಕೀಲಿಮಣೆ ಕುಟ್ಟಿ, “ಹಾಂ, ಇದೆ ಮೇಡಂ” ಎಂದಳು.

“ಇಪ್ಪತ್ತು ಷೇರು ತಾನೇ?”

“ಇಪ್ಪತ್ತಿತ್ತು. ಬೋನಸ್ ಷೇರು ಬಂತು, ಒಂದೊಂದು ಷೇರನ್ನ ಒಡೆದು ಹಲವು ಮಾಡಿದ್ರು, ಮತ್ತೆ ಬೋನಸ್ಸು… ಈಗ ಆರುನೂರ ನಲವತ್ತಾಗಿದೆ ಮೇಡಂ.”

ಮೈದುನ ಫೋನಿನಲ್ಲಿ ಅಂದಿನ ದರ ನೋಡಿ ಗುಣಿಸಿದ. “ಅತ್ತಿಗೆ! ಮೂರು ಲಕ್ಷದ ಇಪ್ಪತ್ತು ಸಾವಿರ!”

“ಇನ್ನೊಂದ್ಸಲ ಗುಣಿಸು,” ಎಂದಳು ಲೆಕ್ಕದಕ್ಕ. ಎರಡನೆಯ ಸಲವೂ ಅಷ್ಟೇ ಬಂದಾಗ, ಸರ್ಜನ್ನರನ್ನೇ ಗದರಿಸುವ ಆ ಹೆಂಗಸು ಗಂಡನ ಎರಡೂ ಕೈ ಹಿಡಿದು ಅಂಗಡಿಯ ನಡುವೆ ಗಿರ್ರನೆ ಸುತ್ತಿಬಿಟ್ಟಳು. ಕನ್ನಡಕ ರಿಪೇರಿಗೆಂದು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, “ಆಮೇಲೆ ಬರ್ಲಾ?” ಎಂದ.

ಹಣವೇನೂ ಮರುದಿನವೇ ಕೈಗೆ ಬರುವಂಥದ್ದಲ್ಲ. ಕಳೆದುಹೋದ ಷೇರು ಪತ್ರಕ್ಕೆ ಅರ್ಜಿ, ಸಹಿ ತಾಳೆ, ಅಫಿಡವಿಟ್ಟು ಎಂದು ಮೂರು ತಿಂಗಳ ಓಡಾಟವಿತ್ತು. ಗಡುವಿಗೆ ಎರಡು ದಿನವಿರುವಾಗ ಅವಳು ಎಕ್ಸೆಲ್ ಹಾಳೆಯನ್ನು ಪ್ರಿಂಟ್ ತೆಗೆದು ಮಹಡಿ ಹತ್ತಿದಳು. ಯಾವ ದುಡ್ಡು ಯಾವ ವಾರ ಕೈಗೆ ಬರುತ್ತದೆ ಎಂದು ಕೊನೆಯ ಅಂಕಣದಲ್ಲಿ ಬರೆದಿತ್ತು. ಒಡತಿ ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ಎರಡು ಸಲ ಓದಿದರು.

“ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ದುಡ್ಡಿನ ವಿಷಯ ಹೇಳಿಲ್ಲಮ್ಮ. ನನಗೂ ಸಾಮಾನು ಕಟ್ಟೋಕೆ ಮೂರು ತಿಂಗಳು ಬೇಕು. ಈಗಿರೋದು ಕೊಡಿ, ಮಿಕ್ಕಿದ್ದು ರಿಜಿಸ್ಟ್ರೇಷನ್ ದಿನ ಕೊಟ್ರಾಯ್ತು.”

ಆ ಸಂಜೆ ಅವಳು ಮೈದುನನ ಆ್ಯಪಿಗೆ ಕೊಟ್ಟಿದ್ದ ಅನುಮತಿಯನ್ನು ಕಿತ್ತುಹಾಕಿದಳು. ವೆಬ್‌ಸೈಟಿನಿಂದ ತನ್ನ ಲೆಕ್ಕವನ್ನು ಇಳಿಸಿಕೊಂಡು, ಅದಕ್ಕೊಂದು ಮನಸ್ಸಿನಲ್ಲೇ ನಮಸ್ಕಾರ ಹೇಳಿ ಮುಚ್ಚಿದಳು. ಉಳಿದದ್ದು ಎಕ್ಸೆಲ್ ಹಾಳೆ. ಅದಕ್ಕೆ ತಾನಾಗಿ ಏನೂ ತಿಳಿಯದು, ನಿಜ. ಆದರೆ ಅದರಲ್ಲಿನ ಒಂದೊಂದು ಅಂಕಿಯೂ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಮೂರು ತಿಂಗಳಿಗೊಮ್ಮೆ ಭಾನುವಾರ ಇಬ್ಬರೂ ಕೂತು, ಒಬ್ಬರು ಓದಿ ಒಬ್ಬರು ತಾಳೆ ನೋಡುವುದೆಂದು ಒಪ್ಪಂದವಾಯಿತು.

“ನಂದೂ ಒಂದು ಹಾಳೆ ಮಾಡ್ಕೊಡಿ ಅತ್ತಿಗೆ,” ಎಂದು ಮೈದುನ ಮೆಲ್ಲಗೆ ಕೇಳಿದ.

“ಮೊದಲು ಕಾಗದ ತಗೊಂಡು ಬಾ.”

“ಕಾಗದ… ಎಲ್ಲಿದಾವೋ ನೋಡ್ಬೇಕು.”

ರಿಜಿಸ್ಟ್ರೇಷನ್ ಮುಗಿಸಿ ಮನೆಗೆ ಬಂದ ಮಧ್ಯಾಹ್ನ ಗಂಡ ಚಪ್ಪಲಿಯನ್ನೂ ಬಿಡದೆ ಸುತ್ತಿಗೆ ಹುಡುಕಿದ. ಬಾಡಿಗೆ ಮನೆಯೆಂದು ಇಷ್ಟು ವರ್ಷ ಒಂದು ಮೊಳೆಯನ್ನೂ ಹೊಡೆದಿರದ ಅಂಗಡಿಯ ಗೋಡೆಗೆ ಉದ್ದನೆಯ ಮೊಳೆಯಿಟ್ಟು ಹೊಡೆದೇ ಹೊಡೆದ. ಅವಳು ಗಿರಾಕಿಗಳು ಮುಖ ನೋಡಿಕೊಳ್ಳಲೆಂದು ತಂದ ಕನ್ನಡಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು, ನಗು ತಡೆಯಲಾಗದೆ.