ರಸೆಲ್ ತೊಟ್ಟ ಗಾರ್ಬ್

ಅಮೆರಿಕದ ಲ್ಯಾಂಕಾಸ್ಟರ್ ಕೌಂಟಿಯ ಈ ಟೋಪಿ ಅಂಗಡಿಯಲ್ಲಿ ಜೀನ್ಸ್ ತೊಟ್ಟು ನಿಲ್ಲುವವನು ನಾನೊಬ್ಬನೇ. ನಮ್ಮದು ಅಮಿಷ್ ಮನೆತನ, ಕಾರು ಕರೆಂಟು ಬಿಟ್ಟು ಹಳೇ ಕಾಲದಂತೆ ಬದುಕುವ ಕ್ರೈಸ್ತರು; ಆದರೂ ನಾನಿನ್ನೂ ದೀಕ್ಷಾಸ್ನಾನ ಪಡೆದು ಸಭೆ ಸೇರಿಲ್ಲ. ಯಾವಾಗ ಸೇರುತ್ತೀಯ ಎಂದು ಯಾರಾದರೂ ಕೇಳಿದರೆ ಕೆಮ್ಮು ಬರುತ್ತದೆ. ಸಂಬಳ ಕೊಡುವವಳು ಲೊವೀನಾ ಅತ್ತೆ. ತಲೆಗೆ ಬಿಳಿ ಕುಲಾವಿ ಇದೆ, ಬಾಯಿಗೆ ಬೀಗವಿಲ್ಲ.

ಹೊರಗಿನವರ ಇಂಗ್ಲಿಷಿನಲ್ಲಿ ಉಡುಪಿಗೆ 'ಗಾರ್ಬ್' ಎನ್ನುವ ಮಾತು ಮುದಿಯಾಗಿ ಮೂಲೆ ಸೇರಿದೆ. ಯಾರೋ ವಿಚಿತ್ರವಾಗಿ ಉಟ್ಟು ಬಂದರೆ ತಮಾಷೆಗೆ ಹೇಳುತ್ತಾರೆ, ಅಷ್ಟೆ. ನಮ್ಮಲ್ಲಿ ಅದಿನ್ನೂ ಗಟ್ಟಿಮುಟ್ಟಾಗಿದೆ. ನನ್ನ ಜೀನ್ಸ್ ಬರೀ ಬಟ್ಟೆ. ಕಾಲರಿಲ್ಲದ ಕರಿಕೋಟು, ಅಂಚಿನ ಅಳತೆ ಸಭೆಯೇ ಗೊತ್ತುಮಾಡಿದ ಕರಿಟೋಪಿ, ಇವು ಗಾರ್ಬ್. "ಅವನು ಗಾರ್ಬ್ ಬಿಟ್ಟನಂತೆ" ಎಂದರೆ ಸಭೆಯನ್ನೇ ಬಿಟ್ಟ ಎಂದು ಅರ್ಥ. ಕೇಳಿದವರು ಧ್ವನಿ ತಗ್ಗಿಸುತ್ತಾರೆ.

ಇಂಥಲ್ಲಿಗೆ ರಸೆಲ್ ಡೌಡ್ ಬಂದ. ಬಾಲ್ಟಿಮೋರಿನಲ್ಲಿ ಸಿಟಿ ಬಸ್ ಓಡಿಸುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಬಸ್ಸು, ಟೀವಿ, ಗಡಿಬಿಡಿ ಎಲ್ಲ ಸಾಕಾಗಿ ಬೈಲರ್ ಮನೆಯವರ ಕೊಟ್ಟಿಗೆಯಲ್ಲಿ ಆಳಾಗಿ ನಿಂತ. ಸಗಣಿ ಬಾಚಿದ, ಹಾಲು ಕರೆದ, ನಮ್ಮ ಜರ್ಮನ್ ಮಾತನ್ನು ಹಸುಗಳ ಮೇಲೆ ಪ್ರಯೋಗಿಸಿ ಕಲಿತ. ಕೂದಲನ್ನು ನಮ್ಮ ಗಂಡಸರಂತೆ ಕಿವಿ ಮುಚ್ಚುವಷ್ಟು ಬಿಟ್ಟ. ಹೀಗೇ ಕೆಲವು ವರ್ಷ ಕಳೆದ ಮೇಲೆ ದೀಕ್ಷಾಸ್ನಾನ ಕೊಡಿ ಎಂದು ಕೇಳಿದ. ಅದಕ್ಕೆ ಸಭೆಯ ಪ್ರತಿಯೊಬ್ಬರೂ ಒಪ್ಪಬೇಕು.

ಅಡ್ಡ ಬಂದದ್ದು ಅವನ ಟೋಪಿ. ಎಲ್ಲಿಂದಲೋ ಮಾಡಿಸಿಕೊಂಡು ಬಂದಿದ್ದ ಅದರ ಅಂಚು ಬಿಷಪ್ ಆಮನ್ ಲ್ಯಾಪ್ ಅವರ ಟೋಪಿಯ ಅಂಚಿಗಿಂತ ಅಗಲ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ನಮ್ಮವರಿಗೆ ಬೇರೇನೂ ಕಾಣಲಿಲ್ಲ. ಅಂಚು ಕಿರಿದಾದರೆ ಲೋಕದ ಶೋಕಿ. ಬಿಷಪರದಕ್ಕಿಂತ ಅಗಲವಾದರೆ, ಬಿಷಪರಿಗಿಂತ ತಾನೇ ವಿನಯವಂತ ಎಂಬ ಜಂಬ.

ನೂಲುಂಡೆಯ ನೆಪದಲ್ಲಿ ಹೆಂಗಸರು ಅಂಗಡಿಗೆ ಬಂದರು.

"ಪೊಲೀಸರಿಗೆ ಮುಖ ಕಾಣಬಾರದು ಅಂತಿರಬೇಕು," ಎಂದಳು ಪಕ್ಕದ ಮನೆಯ ಎಡ್ನಾ.

"ಬೈಲರ್ ಮನೇಲಿರೋ ವಿಧವೆ ಮೇಲೆ ಕಣ್ಣಿದ್ರೂ ಇರಬಹುದು," ಎಂದಳು ಅತ್ತೆ.

"ಪಾಪ, ಒಳ್ಳೆಯವನ ಥರ ಕಾಣ್ತಾನಲ್ಲತ್ತೆ," ಎಂದೆ.

"ನೀನು ಸುಮ್ನಿರೋ ಗೇಲನ್. ನಿನ್ನನ್ನ ಅನುಮಾನಿಸೋ ಕಷ್ಟನೂ ಇಲ್ಲ, ಜೀನ್ಸ್ ನೋಡಿದ್ರೇ ಗೊತ್ತಾಗುತ್ತೆ."

ನೂಲುಂಡೆಗಳನ್ನು ಎಣಿಸಲು ಹೋದೆ. ಆದರೆ ಅನುಮಾನ ಅಂಟುರೋಗ. ಮರುದಿನದಿಂದ ನಾನೂ ಕಿಟಕಿಯಿಂದ ಅವನನ್ನು ಕದ್ದು ನೋಡತೊಡಗಿದೆ. ದಾರಿಯಲ್ಲಿ ಹೋಗುವಾಗ ಟೋಪಿಯನ್ನು ಎಡಗಡೆ ಎಳೆದುಕೊಳ್ಳುತ್ತಿದ್ದ. ನಮ್ಮ ಅಂಗಡಿ ಇದ್ದದ್ದೂ ಎಡಗಡೆಗೇ.

ಸಭೆಯ ಒಪ್ಪಿಗೆ ಕೇಳುವ ಹಿಂದಿನ ದಿನ ಬಿಷಪರು ಅವನನ್ನು ಅಂಗಡಿಗೇ ಕರೆತಂದರು.

"ಟೋಪಿ ಕೊಡಪ್ಪ, ಹುಡುಗ ಅಂಚು ಕತ್ತರಿಸ್ತಾನೆ. ಇಷ್ಟಗಲ ಯಾಕೆ ನಿನಗೆ?"

ರಸೆಲ್ ಟೋಪಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. "ಹೇಳಿದ್ರೆ ಇನ್ನೂ ಕೆಡುತ್ತೆ, ಹಿರಿಯರೇ."

"ನೋಡಿದ್ರಾ?" ಎಂದಳು ಅತ್ತೆ. ಅವಳ ಮುಖದಲ್ಲಿ ಹಬ್ಬ.

ಅವನು ಟೋಪಿ ತೆಗೆದ, ಎಡಗಡೆಯ ಕೂದಲೆತ್ತಿದ. ಕಿವಿಯ ಮೇಲ್ತುದಿಯೇ ಇರಲಿಲ್ಲ.

"ಜನ್ಮವಿಡೀ ಬಸ್ಸಿನ ಡ್ರೈವರ್ ಸೀಟಿನ ಎಡಕಿಟಕಿಯ ಬಿಸಿಲು. ಕ್ಯಾನ್ಸರ್ ಅಂತ ಡಾಕ್ಟರು ಕತ್ತರಿಸಿದ್ರು. ಮುಖಕ್ಕೆ ಸದಾ ನೆರಳಿರಲಿ ಅಂದ್ರು. ಮೈಸುಖಕ್ಕೆ ಅಂತ ಗಾರ್ಬ್ ಆರಿಸ್ಕೋಬಾರದು ಅಂತ ನೀವು ಉಪದೇಶ ಮಾಡಿದ್ರಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ."

ಬಿಷಪರು ಕನ್ನಡಕ ಹಾಕಿಕೊಂಡು ಕಿವಿಯ ಹತ್ತಿರ ಬಗ್ಗಿದರು.

"ನಾಯಿ ಕಚ್ಚಿದ್ರೂ ಹಾಗೇ ಇರುತ್ತೆ," ಎಂದಳು ಅತ್ತೆ.

"ಲೊವೀನಾ, ಸಾಕು." ಬಿಷಪರು ನೆಟ್ಟಗಾದರು. "ಹೊಲಕ್ಕೆ ಹುಲ್ಲಿನ ಟೋಪಿ ಹಾಕ್ಕೋ, ಕೊಟ್ಟಿಗೆ ಸೂರಿನಷ್ಟಗಲ ಇರಲಿ, ನಾನು ಹೇಳಿದೀನಿ. ಸಭೆಯಲ್ಲಿ ಬಿಸಿಲಿಲ್ಲ. ಇದನ್ನ ಕತ್ತರಿಸೋಣ್ವಾ?"

ರಸೆಲ್ ಟೋಪಿಯನ್ನು ತಾನೇ ನನ್ನ ಮುಂದಿಟ್ಟ. ಬಿಷಪರ ಟೋಪಿಯನ್ನೇ ಅಳತೆಗೆ ಪಕ್ಕದಲ್ಲಿಟ್ಟುಕೊಂಡು ಕತ್ತರಿಸಿದೆ.

ಭಾನುವಾರ ಒಪ್ಪಿಗೆ ಕೇಳುವ ಹೊತ್ತಿಗೆ ಸಭೆ ಸೇರದವರನ್ನೆಲ್ಲ ಹೊರಗೆ ಕಳಿಸಿದರು. ಕುದುರೆಗಳ ಜೊತೆ ನಿಂತು ಕಾದೆ. ಕೊನೆಗೆ ಅತ್ತೆ ಬಂದಳು.

"ಏನಾಯ್ತತ್ತೆ?"

"ತಗೊಂಡ್ರು. ಯಾರೂ ಬೇಡ ಅನ್ನಲಿಲ್ಲ."

"ನೀವು?"

"ನಾನೂ ಅನ್ನಲಿಲ್ಲ ಕಣೋ." ಗಾಡಿ ಹತ್ತಿ ಲಂಗ ಸರಿಮಾಡಿಕೊಂಡಳು. "ನಾಳೆ ಬೈಲರ್ ಕೊಟ್ಟಿಗೆ ಕಡೆ ಒಂದ್ಸಲ ಹೋಗ್ಬಾ. ಬಿಸಿಲಲ್ಲಿ ಹುಲ್ಲಿನ ಟೋಪಿ ಹಾಕ್ತಾನೋ ಇಲ್ವೋ, ನೋಡ್ಕೊಂಡು ಬಾ."