ಕುಂಕುಮದ ಚುಕ್ಕೆ ಬೀಳದ ಮನೆಗಳು

1987ರಲ್ಲಿ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಪ್ಪ ತೀರಿಕೊಂಡದ್ದೂ ಅದೇ ವರ್ಷ. ಕೂಡ್ಲಿಗಿಯ ಒಬ್ಬ ಸಾಬರ ಗ್ಯಾರೇಜಿನಲ್ಲಿ ಕಬ್ಬಿಣ ಹೊರುವುದರಿಂದ ಶುರು ಮಾಡಿ, ಕೊಟ್ಟೂರಿನಲ್ಲಿ ಹರಪನಹಳ್ಳಿ ರಸ್ತೆಗೆ ನನ್ನದೇ ವೆಲ್ಡಿಂಗ್ ಶೆಡ್ ಹಾಕುವವರೆಗೆ ಬಂದೆ. ಈ ಸುತ್ತಿನಲ್ಲಿ ಓಡಾಡುವ ಟ್ರೇಲರ್‌ಗಳಲ್ಲಿ ನನ್ನ ಬೆಸುಗೆ ಬಿಟ್ಟುಕೊಂಡದ್ದು ಒಂದೂ ಇಲ್ಲ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ದೇವರು, ಮನೆತನ, ಹಿರಿಯರ ಪದ್ಧತಿ ಉಳಿಯಬೇಕು ಅನ್ನುವವರ ಪಕ್ಷ ನಮ್ಮದು. ಏಳನೇ ಕ್ಲಾಸಿನವನನ್ನು ಕರೆದು ಬೂತ್ ಅಧ್ಯಕ್ಷನ ಕುರ್ಚಿ ಕೊಟ್ಟದ್ದು ಅದೇ ಪಕ್ಷ. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತೆ. ಆದರೆ ಬಿಸಿಲಲ್ಲಿ ತಿರುಗಿದವರು ನಾವು ಗಂಡಸರಲ್ಲ. ನಾವು ಶೆಡ್ಡಿನಲ್ಲಿ ಮತದಾರರ ಪಟ್ಟಿ ಹರಡಿಕೊಂಡು, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಲೆಕ್ಕ ಹಾಕುತ್ತಿದ್ದೆವು. ಮನೆಮನೆಗೆ ಹೋಗುತ್ತಿದ್ದವರು ನನ್ನ ಹೆಂಡತಿ ಮತ್ತು ಅವಳ ಎಂಟು ಜನ ಜೊತೆಗಾತಿಯರು. ಅರಿಶಿನ ಕುಂಕುಮದ ತಾಟು, ಎಲೆ ಅಡಿಕೆ, ಮಲ್ಲಿಗೆ ಹೂವು, ಅದರ ಕೆಳಗೆ ಪಕ್ಷದ ಕರಪತ್ರ. ಕುಂಕುಮ ಹಿಡಿದು ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ಮನೆ ನಮ್ಮ ಕಡೆ ಇಲ್ಲ. ಗಂಡಸರಿಗೆ ತೆರೆಯದ ಬಾಗಿಲು ತಾಟಿಗೆ ತೆರೆಯುತ್ತಿತ್ತು.

ಮನೆ ಮುಗಿಸಿ ಬಂದ ಮೇಲೆ ಹೆಂಡತಿ ಪಟ್ಟಿಯಲ್ಲಿ ಆ ಮನೆಯ ಹೆಸರಿನ ಪಕ್ಕ ಬೆರಳಿನಿಂದ ಒಂದು ಕುಂಕುಮದ ಚುಕ್ಕೆ ಇಡುತ್ತಿದ್ದಳು. ಪೆನ್ನು ಹುಡುಕುವ ಗೋಜಿಲ್ಲ. ನಾನು ಕೆಂಪಾದ ಹಾಳೆಗಳನ್ನು ನೋಡಿ ಖುಷಿಪಡುತ್ತಿದ್ದೆ.

ಆ ಸಲದ ಪಟ್ಟಣ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡು ಕೂದಲೆಳೆಯ ಮೇಲೆ ನಿಂತಿತ್ತು. ಮತದಾನಕ್ಕೆ ಐದು ದಿನ ಇರುವಾಗ ತಾಲ್ಲೂಕಿನ ಮುಖಂಡರು ಮಧ್ಯಾಹ್ನ ಶೆಡ್ಡಿಗೆ ಬಂದರು. ಕಡಿಮೆ ಮಾತಿನ ಮನುಷ್ಯ. ಕಾರಿನಿಂದ ಇಳಿದವರು ಕೂರಲಿಲ್ಲ.

"ಹೋದ ಸಲನೂ ನಿಮ್ಮ ಬೂತ್ ಕೈಕೊಟ್ಟತಿ. ಈ ಸಲ ಹೆಂಗೈತಿ ಅಂತ ನೀವ ಹೇಳ್ರಿ."

"ಒಂದ್ ಬಾಗ್ಲಾ ಬಿಟ್ಟಿಲ್ರಿ," ಎಂದೆ. "ಒಂದ್ ಮನಿ ಬಿಟ್ಟೈತಿ ಅಂತ ತೋರಸ್ರಿ, ಇವತ್ತ ಕುರ್ಚಿ ಬಿಡ್ತೀನಿ."

ಶೆಡ್ಡಿನಲ್ಲಿ ಏಳೆಂಟು ಜನ ಇದ್ದರು. ನನ್ನ ಮಾತಿಗೆ ಎಲ್ಲರೂ ಸಾಕ್ಷಿ. ಮುಖಂಡರು ಒಂದು ಕ್ಷಣ ನನ್ನನ್ನೇ ನೋಡಿ, "ನಡೀರಿ, ನಿಮ್ಮ ಮನಿಗೆ ಹೋಗಿ ನೀರು ಕುಡಿಯೂಣು," ಎಂದರು.

ಮನೆ ಶೆಡ್ಡಿನ ಹಿಂದಿನ ಓಣಿಯಲ್ಲೇ. ನನ್ನ ತಾಯಿ ಬಾಗಿಲ ಬಳಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮುಖಂಡರು ಕೈ ಮುಗಿದು ಹಾಗೇ ಕೇಳಿದರು: "ಅಮ್ಮಾರ, ನಮ್ಮ ಹೆಣಮಕ್ಳು ಬಂದಿದ್ರಾ ನಿಮ್ಮ ಕಡೆ?"

"ಬಂದಿದ್ರಪಾ. ಓಣಿ ತುಂಬ ಕೊಟ್ಟು ಹೋದ್ರು."

"ನಿಮಗ ಏನ್ ಹೇಳಿದ್ರು?"

ತಾಯಿ ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ. "ತಾಟು ಬಂದ್ ಕೂಡ್ಲೆ ನಾ ಎದ್ದು ಒಳಗ ಹೋಗ್ತೀನಪಾ. ಕುಂಕುಮ ಇಲ್ದಾಕಿ ಎದುರು ನಿಂದ್ರಬಾರ್ದಲ್ಲ. ಒಳಗ ಹೋದಾಕಿನ್ನ ಯಾರು ಕೇಳ್ತಾರ?"

ಹೆಂಡತಿ ನೀರಿನ ಚೊಂಬು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಹಿಂಗ ಎಷ್ಟ್ ಮನಿ ಅದಾವು?" ಮುಖಂಡರು ಅವಳನ್ನು ಕೇಳಿದರು, ನನ್ನನ್ನಲ್ಲ.

ಅವಳು ಚೊಂಬು ಕೆಳಗಿಟ್ಟು ಪಟ್ಟಿ ತಂದಳು. ನಮ್ಮದೂ ಸೇರಿ ಚುಕ್ಕೆ ಇಲ್ಲದ ಮನೆಗಳು ಮೂವತ್ತೇಳು. ಹೆಚ್ಚಿನವು ವಿಧವೆಯರು ಒಬ್ಬರೇ ಇರುವವು, ಇಲ್ಲವೇ ಅವರ ಮಾತೇ ನಡೆಯುವವು. ನಾನು ಆ ಹಾಳೆಗಳನ್ನು ಎಷ್ಟೋ ಸಲ ನೋಡಿದ್ದೆ. ಕೆಂಪಾದದ್ದನ್ನು ನೋಡಿದ್ದೆನೇ ಹೊರತು ಬಿಳಿ ಉಳಿದದ್ದನ್ನಲ್ಲ.

"ಈ ಮನಿ ಉಳೀತಾವು ಅಂತ ಮೊದ್ಲನೇ ದಿನಾನ ಹೇಳಿದ್ನಿರಿ ಇವ್ರಿಗೆ," ಎಂದಳು. "ಶಾಸ್ತ್ರ ಕಲಸಾಕ ಬರಬ್ಯಾಡ ಅಂದ್ರು."

ಅಂದದ್ದು ನಿಜ. ಪದ್ಧತಿ ಉಳಿಸುವ ಪಕ್ಷದವರೇ ಪದ್ಧತಿ ಮುರಿದರೆ ಓಣಿಯವರು ಏನಂದಾರು ಎಂಬುದು ನನ್ನ ವಾದವಾಗಿತ್ತು. ಈಗಲೂ ಆ ವಾದ ಪೂರ್ತಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಅಂದು ನಮ್ಮ ಮನೆಯ ಬಾಗಿಲಲ್ಲೇ ಅದು ಮುರಿದುಬಿತ್ತು.

"ನಾಳಿಂದ ತಾಟು ಬಿಡ್ರಿ, ಬರೀ ಕರಪತ್ರ ಕೊಡ್ರಿ," ಎಂದರು ಮುಖಂಡರು.

ಹೆಂಡತಿ ಬೇಡವೆಂದು ತಲೆಯಾಡಿಸಿದಳು. "ಇಷ್ಟ್ ದಿನ ದಾಟಿ ಹೋದೋರು ಈಗ ಕಾಗ್ದ ಹಿಡ್ಕೊಂಡ್ ಬಂದ್ರ ಉಗೀತಾರ್ರಿ. ಕೊಡಾಕ ಹೋಗೂದು ಬ್ಯಾಡ. ಇಸ್ಕೊಳ್ಳಾಕ ಹೋಗ್ತೀವಿ. ಕುಂತು ಚಾ ಕೇಳ್ತೀವಿ. ಶುಭ ಕಾರ್ಯದ ಮುಂದ ಗಂಡ ಇಲ್ದೋರ ಮನ್ಯಾಗ ಯಾರೂ ಬಾಯಿ ಬಿಟ್ಟು ಏನೂ ಕೇಳಂಗಿಲ್ಲ. ನಾವು ಕೇಳ್ತೀವಿ."

"ಆತು. ಯಾವ ಮನಿಯಿಂದ ಶುರು?"

"ಈ ಮನಿಯಿಂದ. ಇವ್ರ ಕೇಳ್ಲಿ."

ಮುಖಂಡರು ನನ್ನ ಕಡೆ ತಿರುಗಿದರು. ಕಾದ ಕಬ್ಬಿಣ ಹಿಡಿದವನು ನಾನು. ಆವತ್ತು ಆ ನೆಲದ ಮೇಲೆ ಕೂರುವುದು ಅದಕ್ಕಿಂತ ಕಷ್ಟವಾಯಿತು. ತಾಯಿಯ ಎದುರಿಗೆ, ಹುಣಸೆಯ ಮೊರದ ಈಚೆ ಕೂತೆ.

"ಯವ್ವಾ, ಒಂದ್ ಕಪ್ ಚಾ ಮಾಡ್ತೀಯೇನು ಎಲ್ಲಾರಿಗೂ?"

ಅವಳು ಕೈಯ ಅಂಟನ್ನು ನಿಧಾನವಾಗಿ ಒರೆಸಿಕೊಂಡಳು. ಒಂದು ಬೆರಳಾದ ಮೇಲೆ ಇನ್ನೊಂದು. "ನನ್ನ ಕುಂಕುಮ ಅಳಿಸಿದ ವರ್ಷನ ನಿನ್ನ ಸಾಲಿ ಬಿಡಿಸಿದ್ರು. ನಾ ಮೂಲ್ಯಾಗ ಕುಂತಿದ್ನಿ. ಹುಡುಗ ಓದ್ಲೋ ಬ್ಯಾಡೋ ಅಂತ ನನ್ನ ಯಾರೂ ಕೇಳ್ಲಿಲ್ಲ ಲೇ."

ಮೂವತ್ತು ವರ್ಷಕ್ಕೂ ಮೀರಿ ನಾನು ತಿಳಿದದ್ದು ಅವಳೇ ಬಿಡಿಸಿದಳು ಅಂತ. ನಾನೂ ಎಂದೂ ಕೇಳಿರಲಿಲ್ಲ.

ಅವಳು ಎದ್ದು ಚಹಾ ಮಾಡಿದಳು. ಮುಖಂಡರಿಗೆ ಕೊಡುವಾಗ ಮಾತ್ರ ಅಂದಳು, "ಚಾ ಕೊಟ್ಟೀನಿ. ವೋಟು ನನ್ನ ಹತ್ರಾನ ಇರ್ಲಿ."

ಉಳಿದ ದಿನಗಳಲ್ಲಿ ಹೆಂಗಸರು ಮೂವತ್ತಾರು ಮನೆಗಳಿಗೆ ಬರಿಗೈಯಲ್ಲಿ ಹೋದರು. ಎರಡು ಮನೆಯವರು ಬಾಗಿಲು ತೆಗೆಯಲಿಲ್ಲ. ಒಬ್ಬಾಕೆ ಚಹಾ ಕೊಟ್ಟು ಅರ್ಧ ತಾಸು ಬೈದಳಂತೆ. ಅವಳ ಮನೆಗೆ ಹೆಂಡತಿ ಮರುದಿನವೂ ಹೋದಳು. ನಾನು ಶೆಡ್ಡಿನಲ್ಲಿ ಗೇಟಿನ ಕೆಲಸ ಹಿಡಿದಿದ್ದೆ. ಮಾಡಿದ ಬೆಸುಗೆಯನ್ನೇ ಎರಡು ಸಲ ಕಿತ್ತು ಮಾಡಿದೆ.

ಎಣಿಕೆಯ ದಿನ ನಮ್ಮ ಬೂತಿನ ಅಂಕಿ ಓದಿದಾಗ ಹತ್ತೊಂಬತ್ತು ಮತ ಮುಂದಿದ್ದೆವು. ಅಷ್ಟರಿಂದಲೇ ವಾರ್ಡು ಬಂತು. ಮುಖಂಡರು ಶಾಲು ತಂದು ನನ್ನ ಹೆಗಲಿಗೆ ಹಾಕಲು ಬಂದರು. ನಾನು ಹಿಂದೆ ಸರಿದೆ.

"ಮಾತು ಕೊಟ್ಟೀನ್ರಿ. ಬಾಗ್ಲಾ ಬಿಟ್ಟಿತ್ತು. ಕುರ್ಚಿ ಬಿಟ್ಟೀನಿ."

"ಸುಮ್ನಿರ್ರಿ, ಗೆದ್ದೀವಲ್ಲ."

"ಗೆದ್ದಾಕಿ ಮನ್ಯಾಗ ಅದಾಳ. ಆಕಿನ್ನ ಮಾಡ್ರಿ."

ಮುಂದಿನ ಸಭೆಯಲ್ಲಿ ಇದಕ್ಕೆ ದೊಡ್ಡ ತಕರಾರು ಬಂತು. ಹೆಂಗಸರಿಗೆ ಹೆಂಗಸರ ಘಟಕ ಇದೆಯಲ್ಲ, ಬೂತ್ ಯಾಕೆ ಎಂದರು. ಹಾಗಾದರೆ ಸಭೆಗೆ ನನ್ನ ಶೆಡ್ ಸಿಗುವುದಿಲ್ಲ ಎಂದೆ. ಕೊನೆಗೆ ಅವಳ ಹೆಸರು ಬರೆದರು. ಅವಳು ಮಾಡಿದ ಮೊದಲ ಕೆಲಸ, ವಿಧವೆಯರಿಬ್ಬರನ್ನು ತಂಡಕ್ಕೆ ಸೇರಿಸಿಕೊಂಡದ್ದು. ಅದಕ್ಕೆ ಹಳೆಯ ಜೊತೆಗಾತಿಯರಲ್ಲಿ ಮೂವರು ಬಿಟ್ಟುಹೋದರು. ತಾಟನ್ನು ಯಾರು ಹಿಡಿಯಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹೇಳುತ್ತೇನೆ. ಕೇಳುವುದು ಕಡಿಮೆ.

ಈಗ ನನ್ನ ಬಳಿ ಇರುವುದು ಒಂದು ಶೆಡ್, ಎರಡು ವೆಲ್ಡಿಂಗ್ ಮಷಿನ್, ಮೂರು ಕೋಣೆಯ ಮನೆ, ಯಾವ ಪದವಿಯೂ ಇಲ್ಲದ ಒಂದು ಪಕ್ಷದ ಗುರುತಿನ ಚೀಟಿ, ಬೂತ್ ಅಧ್ಯಕ್ಷೆಯಾದ ಒಬ್ಬಳು ಹೆಂಡತಿ, ಮತ್ತು ಆ ಸಲ ಯಾರಿಗೆ ವೋಟು ಹಾಕಿದೆ ಎಂದು ಇವತ್ತಿಗೂ ಹೇಳದ ಒಬ್ಬಳು ತಾಯಿ.